ಕೇಳಿದಾಗ ಒಂದು ಫ್ರೇಮ್

ಬೋಧನಾಭ್ಯಾಸಕ್ಕೆ ಹೋಗುವ ನಾವು ವಿಡಿಯೊ ಪಾಠ ಮಾಡುವುದು ಈಗ ಹೊಸ ಸಂಗತಿಯಲ್ಲ. ಮೊಬೈಲಿನಲ್ಲಿ ಚಿತ್ರೀಕರಿಸುತ್ತೇವೆ, ಬೇಡದ್ದನ್ನು ಕತ್ತರಿಸುತ್ತೇವೆ, ಶೀರ್ಷಿಕೆ ಸೇರಿಸುತ್ತೇವೆ, ಪೆನ್‌ಡ್ರೈವ್‌ಗೆ ಹಾಕಿಕೊಂಡು ಶಾಲೆಗೆ ಹೋಗುತ್ತೇವೆ. ಈ ಕೆಲಸದಲ್ಲಿ ಎರಡು ತಂತ್ರಾಂಶಗಳ ಪಾಲಿದೆ. ದೃಶ್ಯಗಳನ್ನು ಕತ್ತರಿಸಿ ಜೋಡಿಸುವುದು ಎಡಿಟರ್. ಜೋಡಿಸಿದ್ದನ್ನು ಕುಗ್ಗಿಸಿ ಸಣ್ಣ ಕಡತ ಮಾಡುವುದು ಎನ್‌ಕೋಡರ್. ಮೊದಲನೆಯದರ ಕೈಯಿಂದ ಎರಡನೆಯದರ ಕೈಗೆ ವಿಡಿಯೊ ಹೇಗೆ ದಾಟುತ್ತದೆ ಎಂದು ನಾವು ಅಷ್ಟಾಗಿ ಯೋಚಿಸುವುದಿಲ್ಲ. ಈ ಸಾಲಿನ ನನ್ನ ಒಂದು ಭೌತಶಾಸ್ತ್ರ ಪಾಠದಲ್ಲಿ ಮಕ್ಕಳು ತೆಗೆದ ಅಳತೆ ನಂಬಲು ಯೋಗ್ಯವೋ ಅಲ್ಲವೋ ಎಂಬುದು ಈ ದಾಟುವಿಕೆಯ ಮೇಲೇ ನಿಂತಿತ್ತು. ಅಲ್ಲಿ ಬಳಸಿದ ವಿಧಾನದ ಹೆಸರು ಫ್ರೇಮ್‌ಸರ್ವಿಂಗ್. ಅದನ್ನೂ ಆ ಪಾಠವನ್ನೂ ಜೊತೆಯಾಗಿ ಇಲ್ಲಿ ಬರೆದಿಡುತ್ತಿದ್ದೇನೆ.

ಬಿ.ಎಸ್‌ಸಿ. ಮುಗಿಸಿ ಬಿ.ಇಡಿ. ಸೇರುವ ಮೊದಲು ಎರಡು ವರ್ಷ ನಾನು ತಾಲ್ಲೂಕು ಕೇಂದ್ರದ ಫೋಟೊ ಸ್ಟುಡಿಯೊ ಒಂದರಲ್ಲಿ ಮದುವೆ ವಿಡಿಯೊಗಳನ್ನು ಎಡಿಟ್ ಮಾಡುತ್ತಿದ್ದೆ. ‘ಓದಿದ್ದು ಫಿಸಿಕ್ಸು, ಮಾಡೋದು ಮದುವೆ ಕ್ಯಾಸೆಟ್ಟು’ ಎಂದು ಮನೆಯಲ್ಲಿ ನಗುತ್ತಿದ್ದರು. ಒಂದು ಮದುವೆ ಎಂದರೆ ಮೂರು ಗಂಟೆಯ ವಿಡಿಯೊ. ಡಿವಿಡಿಯ ಒಂದು ಫ್ರೇಮಿನಲ್ಲಿ 720 × 576 ಪಿಕ್ಸೆಲ್, ಪ್ರತಿ ಪಿಕ್ಸೆಲ್ಲಿಗೆ 3 ಬೈಟ್, ಸೆಕೆಂಡಿಗೆ 25 ಫ್ರೇಮ್. ಕುಗ್ಗಿಸದೆ ಹಾಗೇ ಬರೆದಿಟ್ಟರೆ ಸೆಕೆಂಡಿಗೆ ಸುಮಾರು 31 ಎಂಬಿ, ಮೂರು ಗಂಟೆಗೆ ಸುಮಾರು 336 ಜಿಬಿ. ಸ್ಟುಡಿಯೊದ ಹಾರ್ಡ್‌ಡಿಸ್ಕಿನಲ್ಲಿ ಅಷ್ಟು ಜಾಗ ಎಂದೂ ಇರುತ್ತಿರಲಿಲ್ಲ. ಆಗ ಸ್ಟುಡಿಯೊ ನಡೆಸುತ್ತಿದ್ದ ಅಣ್ಣ ಫ್ರೇಮ್‌ಸರ್ವಿಂಗ್ ಹೇಳಿಕೊಟ್ಟರು. ‘ಹಪ್ಪಳ ಆದ್ರೆ ಊಟಕ್ಕೆ ಮೊದಲೇ ಕರಿದು ರಾಶಿ ಹಾಕ್ತಾರೆ. ಹೋಟ್ಲು ದೋಸೆ ಹಂಗಲ್ಲ ಕಣಮ್ಮ, ಕೇಳಿದ ಮೇಲೇ ಕಾವಲಿಗೆ. ಇದು ದೋಸೆ’ ಎಂದಿದ್ದರು.

ಅವರ ಮಾತನ್ನು ಬಿಡಿಸಿ ಹೇಳುತ್ತೇನೆ. ಮಾಮೂಲಿ ವಿಧಾನದಲ್ಲಿ ಎಡಿಟರ್ ಇಡೀ ವಿಡಿಯೊವನ್ನು ಒಂದು ಮಧ್ಯಂತರ ಕಡತವಾಗಿ ಡಿಸ್ಕಿಗೆ ಬರೆಯುತ್ತದೆ. ಎನ್‌ಕೋಡರ್ ಆಮೇಲೆ ಅದನ್ನು ಓದಿ ಕುಗ್ಗಿಸುತ್ತದೆ. ಫ್ರೇಮ್‌ಸರ್ವಿಂಗ್‌ನಲ್ಲಿ ಆ ಮಧ್ಯಂತರ ಕಡತವೇ ಇಲ್ಲ. ಎನ್‌ಕೋಡರ್ ‘ಇಷ್ಟನೇ ಫ್ರೇಮ್ ಕೊಡು’ ಎಂದು ಕೇಳುತ್ತದೆ. ಎಡಿಟರ್ ಆ ಒಂದು ಫ್ರೇಮನ್ನು ಮಾತ್ರ ಸಿದ್ಧಪಡಿಸಿ ಕಂಪ್ಯೂಟರಿನ ಮೆಮೊರಿಯ ಮೂಲಕ ದಾಟಿಸುತ್ತದೆ. ಎನ್‌ಕೋಡರ್ ಅದನ್ನು ಕುಗ್ಗಿಸಿ ಮುಂದಿನದನ್ನು ಕೇಳುತ್ತದೆ. ಡಿಸ್ಕಿಗೆ ಬೀಳುವುದು ಕೊನೆಯ ಸಣ್ಣ ಕಡತ ಮಾತ್ರ. ಈ ಬಗೆಯ ಸೌಲಭ್ಯ ಆವರಿ ಲೀ ಬರೆದ ವರ್ಚುವಲ್‌ಡಬ್‌ನಲ್ಲಿ ಇತ್ತು. ಬೆನ್ ರುಡಿಯಾಕ್-ಗೌಲ್ಡ್ ಆರಂಭಿಸಿದ ಎವಿಸಿಂಥ್ ಪೂರ್ತಿಯಾಗಿ ಇದೇ ತತ್ತ್ವದ ಮೇಲೆ ನಿಂತದ್ದು. ಎರಡೂ ಉಚಿತ ಮತ್ತು ಮುಕ್ತ ತಂತ್ರಾಂಶಗಳು. ವೇಗಾಸ್, ಪ್ರೀಮಿಯರ್‌ನಂಥ ಎಡಿಟರ್‌ಗಳಿಂದ ಫ್ರೇಮುಗಳನ್ನು ಹೊರಗೆ ಕೊಡಿಸಲು ಡಿಬಗ್‌ಮೋಡ್ ಫ್ರೇಮ್‌ಸರ್ವರ್ ಎಂಬ ಪುಟ್ಟ ತಂತ್ರಾಂಶವಿದೆ. ಸ್ಟುಡಿಯೊದಲ್ಲಿ ನಾವು ಬಳಸುತ್ತಿದ್ದದ್ದು ಅದನ್ನೇ.

ಇನ್ನು ಶಾಲೆಯ ವಿಷಯ. ನನ್ನನ್ನು ಚಿತ್ರದುರ್ಗ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಗೆ ಹಾಕಿದ್ದರು. ಒಂಬತ್ತನೇ ತರಗತಿಯಲ್ಲಿ 34 ಮಕ್ಕಳು. ಗುರುತ್ವಾಕರ್ಷಣೆ ಪಾಠದಲ್ಲಿ ಗುರುತ್ವ ವೇಗೋತ್ಕರ್ಷದ ಬೆಲೆ 9.8 ಮೀ/ಸೆ² ಎಂದು ಕಪ್ಪುಹಲಗೆಯ ಮೇಲೆ ಬರೆದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: ‘ಮಿಸ್, ಇದನ್ನ ಅಳೆದೋರು ಯಾರು? ನಾವು ಅಳೆದ್ರೂ ಇಷ್ಟೇ ಬರ್ತೈತಾ?’

ಸರಳ ಲೋಲಕದಿಂದ ಅಳೆಯಬಹುದಿತ್ತು. ಆದರೆ ಲೋಲಕದ ಸೂತ್ರವನ್ನು ಆ ಮಕ್ಕಳು ಇನ್ನೂ ಕಲಿತಿಲ್ಲ. ಗೊತ್ತಿಲ್ಲದ ಸೂತ್ರಕ್ಕೆ ಸಂಖ್ಯೆ ತುಂಬಿಸಿ 9.8 ತರಿಸಿದರೆ ಅವನ ಪ್ರಶ್ನೆಗೆ ಉತ್ತರ ಸಿಕ್ಕಂತಾಗುವುದಿಲ್ಲ. ಬೀಳುವ ಚೆಂಡನ್ನೇ ನೋಡಬೇಕು. ಎರಡು ಮೀಟರ್ ಎತ್ತರದಿಂದ ಬಿಟ್ಟ ಚೆಂಡು ನೆಲ ಮುಟ್ಟಲು ಮುಕ್ಕಾಲು ಸೆಕೆಂಡೂ ಬೇಡ. ಕಣ್ಣಿಗೆ ಅದು ಸಿಗದು, ಮೊಬೈಲ್ ವಿಡಿಯೊಗೆ ಸಿಗುತ್ತದೆ. ಸೆಕೆಂಡಿಗೆ 30 ಫ್ರೇಮ್ ಎಂದರೆ ಅಷ್ಟರಲ್ಲಿ 19 ಫ್ರೇಮ್.

ಶಾಲೆಯ ಹೊರಗೋಡೆಗೆ ಬಿಳಿ ಕಾಗದದ ಪಟ್ಟಿ ಅಂಟಿಸಿ ಮಕ್ಕಳೇ ಅಳತೆಪಟ್ಟಿ ಬರೆದರು. ಐದು ಸೆಂ.ಮೀ.ಗೊಂದು ಕಪ್ಪು ಪಟ್ಟೆ, ಒಂದೊಂದು ಸೆಂ.ಮೀ.ಗೆ ತೆಳು ಗೆರೆ, ಮೇಲೆ ಸೊನ್ನೆ, ಕೆಳಕ್ಕೆ 200. ಒಬ್ಬ ಮೇಜಿನ ಮೇಲೆ ನಿಂತು ಚೆಂಡಿನ ಕೆಳ ಅಂಚನ್ನು ಸೊನ್ನೆಗೆ ಹಿಡಿದು, ಗೋಡೆಗೆ ತೀರಾ ಹತ್ತಿರದಲ್ಲಿ ಕೈಬಿಡಬೇಕು. ಮೊಬೈಲು ಮೂರು ಮೀಟರ್ ದೂರದಲ್ಲಿ ಸ್ಟೂಲಿನ ಮೇಲೆ. ಚಿತ್ರೀಕರಣ ನಡುಬಿಸಿಲಿನಲ್ಲಿ, ಬೆಳಕು ಹೆಚ್ಚಿದ್ದಷ್ಟೂ ಮೊಬೈಲು ಪ್ರತಿ ಫ್ರೇಮಿಗೆ ಬೆಳಕು ಹಿಡಿಯುವ ಸಮಯ ಚಿಕ್ಕದಾಗಿ ಚೆಂಡು ಗೀರಿದಂತೆ ಕಾಣುವುದಿಲ್ಲ. ಮೊಬೈಲು 30 ಫ್ರೇಮ್ ಎಂದು ಹೇಳಿದರೂ ಎಲ್ಲ ಸಲ ಕರಾರುವಾಕ್ಕಾಗಿ 30 ಇರಿಸುವುದಿಲ್ಲ. ಅದಕ್ಕೆ ಮೊದಲು ಹತ್ತು ಸೆಕೆಂಡು ಒಂದು ಸ್ಟಾಪ್‌ವಾಚನ್ನು ಚಿತ್ರೀಕರಿಸಿ ಫ್ರೇಮುಗಳನ್ನು ಎಣಿಸಿದೆವು. ನಮ್ಮ ಮೊಬೈಲಿನಲ್ಲಿ 300 ಬಂತು. ಆರು ಗುಂಪುಗಳ ಪ್ರಯೋಗ, ಅವರವರ ವಿವರಣೆಯ ದನಿ, ಅಳತೆಪಟ್ಟಿಯ ಹತ್ತಿರದ ದೃಶ್ಯ ಎಲ್ಲ ಸೇರಿ ಜೋಡಿಸಿದ ವಿಡಿಯೊ 14 ನಿಮಿಷವಾಯಿತು.

ಇಲ್ಲಿ ಲೆಕ್ಕ ಶುರುವಾಯಿತು. ಒಂದು ಫ್ರೇಮಿನಲ್ಲಿ 1280 × 720 ಪಿಕ್ಸೆಲ್, ತಲಾ 3 ಬೈಟ್, ಸೆಕೆಂಡಿಗೆ 30 ಫ್ರೇಮ್. ಸೆಕೆಂಡಿಗೆ ಸುಮಾರು 83 ಎಂಬಿ, 14 ನಿಮಿಷಕ್ಕೆ ಸುಮಾರು 70 ಜಿಬಿ. ನಮ್ಮ ಕಾಲೇಜಿನ ಕಂಪ್ಯೂಟರ್ ಪ್ರಯೋಗಾಲಯದ ಯಂತ್ರದಲ್ಲಿ ಖಾಲಿ ಇದ್ದದ್ದು 31 ಜಿಬಿ. ಏನನ್ನೂ ಕಳೆದುಕೊಳ್ಳದೆ ಕುಗ್ಗಿಸುವ ಹಫ್‌ಯುವಿಯಂಥ ವಿಧಾನದಿಂದ ಅರ್ಧಕ್ಕೆ ಇಳಿಸಿದರೂ 35 ಜಿಬಿ.

‘ಎಡಿಟರಿನಲ್ಲೇ ಒಮ್ಮೆ ಎಂಪಿ4 ಮಾಡಿಕೋ, ಸಾಲದಿದ್ದರೆ ಅದನ್ನೇ ಮತ್ತೆ ಕುಗ್ಗಿಸು’ ಎಂದರು ಜೊತೆಯ ಪ್ರಶಿಕ್ಷಣಾರ್ಥಿಗಳು. ಹಾಡು-ಕುಣಿತದ ವಿಡಿಯೊ ಆಗಿದ್ದರೆ ಅದೇ ಸಾಕಿತ್ತು. ನಮ್ಮದು ಅಳತೆ. ಎರಡು ಮೀಟರಿಗೂ ಸ್ವಲ್ಪ ಹೆಚ್ಚಿನ ಎತ್ತರ 720 ಸಾಲುಗಳಲ್ಲಿ ಹಿಡಿಸಿದಾಗ ಒಂದು ಸೆಂ.ಮೀ.ಗೆ ಸಿಗುವುದು ಮೂರು ಪಿಕ್ಸೆಲ್ ಚಿಲ್ಲರೆ. ಸೆಂ.ಮೀ. ಗೆರೆ ಅದರೊಳಗೇ ಇರಬೇಕು. ಎನ್‌ಕೋಡರ್ ಚಿತ್ರವನ್ನು ಚಿಕ್ಕ ಚೌಕಗಳಾಗಿ ಮಾಡಿಕೊಂಡು, ಕಣ್ಣು ಗಮನಿಸದ ಸೂಕ್ಷ್ಮ ವಿವರಗಳನ್ನು ಬಿಟ್ಟುಬಿಡುತ್ತದೆ. ಎರಡನೇ ಸಲ ಕುಗ್ಗಿಸುವಾಗ ಮೊದಲನೆಯದು ಉಳಿಸಿದ ಕಲೆಗಳನ್ನೂ ಚಿತ್ರವೆಂದೇ ತಿಳಿದು, ಉಳಿದ ವಿವರದಲ್ಲಿ ಮತ್ತಷ್ಟನ್ನು ಬಿಡುತ್ತದೆ. ಮೊದಲು ಹೋಗುವುದೇ ಇಂಥ ತೆಳು ಗೆರೆಗಳು. ಮೊಬೈಲು ಒಂದು ಸಲ ಕುಗ್ಗಿಸಿಯಾಗಿತ್ತು, ಅದನ್ನು ತಪ್ಪಿಸಲಾಗದು. ಕೊನೆಯಲ್ಲಿ ಒಂದು ಸಲ ಕುಗ್ಗಿಸಲೇಬೇಕು. ನಡುವೆ ಮತ್ತೊಂದು ಬೇಡ. ಸ್ಟುಡಿಯೊದಲ್ಲಿ ಜಾಗವಿಲ್ಲವೆಂದು ಕಲಿತ ವಿಧಾನ ಇಲ್ಲಿ ಗೆರೆಗಳು ಉಳಿಯಲಿ ಎಂಬ ಕಾರಣಕ್ಕೆ ಬೇಕಾಯಿತು.

ಪ್ರಯೋಗಾಲಯದಲ್ಲಿ ವೇಗಾಸ್‌ನ ಹಳೆಯ 32 ಬಿಟ್ ಆವೃತ್ತಿ ಇತ್ತು. ಪ್ರಾಜೆಕ್ಟಿನ ವೇಗವನ್ನು ಮೊಬೈಲಿನಂತೆಯೇ 30ಕ್ಕೆ ಇಟ್ಟು, ರೀಸ್ಯಾಂಪಲ್ ಎಂಬ ಆಯ್ಕೆಯನ್ನು ಪ್ರತಿ ತುಣುಕಿಗೂ ತೆಗೆದುಹಾಕಿದೆ. ವೇಗಗಳು ಹೊಂದದಿದ್ದಾಗ ಈ ಆಯ್ಕೆ ಅಕ್ಕಪಕ್ಕದ ಎರಡು ಫ್ರೇಮುಗಳನ್ನು ಬೆರೆಸಿ ಒಂದು ಮಾಡುತ್ತದೆ. ಮದುವೆ ವಿಡಿಯೊದಲ್ಲಿ ಅದು ಗೊತ್ತೂ ಆಗದು. ಚೆಂಡಿನ ವಿಷಯದಲ್ಲಾದರೆ ಒಂದೇ ಫ್ರೇಮಿನಲ್ಲಿ ಎರಡು ಮಸುಕು ಚೆಂಡು ಕಾಣುತ್ತವೆ, ಯಾವುದನ್ನು ಅಳೆಯುವುದು? ಆಮೇಲೆ ರೆಂಡರ್ ಮಾಡುವ ಪಟ್ಟಿಯಲ್ಲಿ ಡಿಬಗ್‌ಮೋಡ್ ಫ್ರೇಮ್‌ಸರ್ವರ್ ಆರಿಸಿದರೆ ಒಂದು ಎವಿಐ ಕಡತ ಹುಟ್ಟುತ್ತದೆ. ಅದರಲ್ಲಿ ಚಿತ್ರಗಳಿರುವುದಿಲ್ಲ. ಇಂಗ್ಲಿಷಿನಲ್ಲಿ ಅದನ್ನು ಸೈನ್‌ಪೋಸ್ಟ್ ಎನ್ನುತ್ತಾರೆ, ನಮ್ಮ ಮಾತಿನಲ್ಲಿ ಕೈಮರ. ಧ್ವನಿಯನ್ನು ಅದರಲ್ಲೇ ಬರೆಸಿಕೊಂಡರೆ 14 ನಿಮಿಷಕ್ಕೆ ಸುಮಾರು 161 ಎಂಬಿ. ಎರಡು ಸಾಲಿನ ಎವಿಸಿಂಥ್ ಕಡತದಲ್ಲಿ ಈ ಕೈಮರದ ಹೆಸರು ಬರೆದು ಎಕ್ಸ್264 ಎನ್‌ಕೋಡರಿಗೆ ಕೊಟ್ಟೆ.

ಅಲ್ಲೊಂದು ಆಯ್ಕೆ ಬಂತು. ಎನ್‌ಕೋಡರ್‌ಗಳಲ್ಲಿ ಎರಡು ಸುತ್ತಿನ ವಿಧಾನವಿದೆ: ಮೊದಲ ಸುತ್ತಿನಲ್ಲಿ ವಿಡಿಯೊ ಪೂರ್ತಿ ನೋಡಿ ಟಿಪ್ಪಣಿ ಮಾಡಿಕೊಂಡು ಎರಡನೇ ಸುತ್ತಿನಲ್ಲಿ ಕುಗ್ಗಿಸುವುದು. ಮಧ್ಯಂತರ ಕಡತವಿದ್ದರೆ ಎರಡು ಸಲ ಓದಿದರಾಯಿತು. ಫ್ರೇಮ್‌ಸರ್ವಿಂಗ್‌ನಲ್ಲಿ ಎಡಿಟರ್ ಪ್ರತಿ ಫ್ರೇಮನ್ನೂ ಎರಡು ಸಲ ಹೊಸದಾಗಿ ತಯಾರಿಸಬೇಕು. ನಮ್ಮ 14 ನಿಮಿಷದಲ್ಲಿ 25,200 ಫ್ರೇಮು, ಎರಡು ಸುತ್ತಾದರೆ 50,400. ಯಂತ್ರ ಸೆಕೆಂಡಿಗೆ ಸುಮಾರು 9 ಫ್ರೇಮ್ ಮಾಡುತ್ತಿತ್ತು. ಒಂದು ಸುತ್ತಿಗೆ ಸುಮಾರು 47 ನಿಮಿಷ. ಆಗ ಸಂಜೆ 5 ಗಂಟೆ, ಪ್ರಯೋಗಾಲಯ ಮುಚ್ಚುವುದು 6ಕ್ಕೆ. ಒಂದೇ ಸುತ್ತಿನಲ್ಲಿ ಗುಣಮಟ್ಟವನ್ನು ಸ್ಥಿರವಾಗಿಡುವ ಸಿಆರ್‌ಎಫ್ ವಿಧಾನವನ್ನು 18ಕ್ಕೆ ಇಟ್ಟೆ. ಕಡತದ ಗಾತ್ರ ಮೊದಲೇ ಗೊತ್ತಾಗುವುದಿಲ್ಲ ಎಂಬುದೊಂದೇ ಅದರ ತೊಡಕು. ಬಂದದ್ದು 260 ಎಂಬಿ. ಸಹಾಯಕರು ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದಾಗ ಫ್ರೇಮ್‌ಸರ್ವರಿನ ಕಿಟಕಿಯಲ್ಲಿ ಎಣಿಕೆ ಕೊನೆ ಮುಟ್ಟಿತು.

ಮರುದಿನ ಶಾಲೆಯಲ್ಲಿ ಒಂದು ಬಿಡುವಿನ ಅವಧಿ ಸಿಕ್ಕಿತು. ‘70 ಜಿಬಿ ಆಗೋದು ಅಷ್ಟು ಚಿಕ್ಕದು ಹೆಂಗಾಯ್ತು ಮಿಸ್?’ ಎಂದು ಮಕ್ಕಳು ಪಟ್ಟು ಹಿಡಿದಿದ್ದರು. ಸ್ಲೇಟು ತರಿಸಿ ಆಡಿಸಿ ತೋರಿಸಿದೆ. ಒಬ್ಬಳು ಎಡಿಟರ್, ಒಬ್ಬ ಎನ್‌ಕೋಡರ್. ಎನ್‌ಕೋಡರ್ ‘ಏಳನೇದು ಕೊಡು’ ಎಂದಾಗ ಎಡಿಟರ್ ಸ್ಲೇಟಿನ ಮೇಲೆ ಏಳನೇ ಚಿತ್ರ ಬರೆದು ತೋರಿಸಬೇಕು. ಅವನು ತನ್ನ ನೋಟುಬುಕ್ಕಿನ ಮೂಲೆಯಲ್ಲಿ ಚಿಕ್ಕದಾಗಿ ಗುರುತು ಹಾಕಿಕೊಂಡು ‘ಎಂಟು’ ಎನ್ನಬೇಕು. ಅವಳು ಸ್ಲೇಟು ಒರೆಸಿ ಎಂಟನೆಯದು ಬರೆಯಬೇಕು. 25,200 ಸ್ಲೇಟು ಜೋಡಿಸಿಡಲು ಶಾಲೆಯ ಕೋಣೆಗಳು ಸಾಲವು. ಕೇಳಿ ಪಡೆದರೆ ಒಂದೇ ಸ್ಲೇಟು ಸಾಕು ಎಂಬುದು ಅವರಿಗೇ ಹೊಳೆಯಿತು. ಎಡಿಟರ್ ಆದವಳು ನೀರು ಕುಡಿಯಲು ಹೋದಾಗ ಎನ್‌ಕೋಡರ್ ಸುಮ್ಮನೆ ಕಾಯುತ್ತ ನಿಂತ. ಅದೂ ಪಾಠವಾಯಿತು: ನಡುವೆ ಎಡಿಟರ್ ಮುಚ್ಚಿದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ.

‘ಹಂಗಾದ್ರೆ ಆ ಕೈಮರದ ಫೈಲನ್ನೇ ಪೆನ್‌ಡ್ರೈವ್‌ಗೆ ಹಾಕ್ಕೊಂಡು ಬಂದಿದ್ರೆ?’ ಎಂದ ಒಬ್ಬ. ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಹುಡುಗಿ ಹೇಳಿದಳು: ‘ಹೊಸದುರ್ಗದ ದಾರಿ ತೋರ್ಸೋ ಕಲ್ಲು ಕಿತ್ಕೊಂಡು ಬಂದ್ರೆ ಹೊಸದುರ್ಗ ಬರ್ತೈತೇನೋ?’

ಮುಖ್ಯ ಪಾಠದ ದಿನ ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣೆಗೆ ಬಂದು ಹಿಂದೆ ಕುಳಿತಿದ್ದರು. ಶಾಲೆಯ ಹಳೆಯ ಕಂಪ್ಯೂಟರು, ಪ್ರೊಜೆಕ್ಟರು, ವಿಎಲ್‌ಸಿ ಪ್ಲೇಯರು. ಅದರಲ್ಲಿ ‘ಇ’ ಕೀಲಿ ಒತ್ತಿದರೆ ಒಂದು ಫ್ರೇಮ್ ಮುಂದೆ ಹೋಗುತ್ತದೆ. ತರಗತಿಯಲ್ಲಿ ಅಪರೂಪಕ್ಕೆ ಮಾತಾಡುವ ಹುಡುಗಿಯೊಬ್ಬಳನ್ನು ಕೀಲಿಯ ಬಳಿ ಕೂರಿಸಿದೆ. ನಿಯಮ ಒಂದೇ: ಆರೂ ಗುಂಪುಗಳು ಬರೆದು ‘ಮುಂದೆ’ ಎಂದ ಮೇಲೇ ಒತ್ತಬೇಕು.

ಚೆಂಡು ಕೈಬಿಟ್ಟ ಗಳಿಗೆ ಎರಡು ಫ್ರೇಮುಗಳ ನಡುವೆ ಎಲ್ಲೋ ಇರುತ್ತದೆ, ಅದನ್ನು ನಿಖರವಾಗಿ ಹೇಳಲಾಗದು. ಆದ್ದರಿಂದ ಬಿಟ್ಟಾಗಿನಿಂದ ಎಷ್ಟು ಹೊತ್ತು ಎಂದು ಲೆಕ್ಕ ಹಾಕದೆ, ಮೂರು ಮೂರು ಫ್ರೇಮಿಗೆ, ಅಂದರೆ 0.1 ಸೆಕೆಂಡಿಗೊಮ್ಮೆ, ಚೆಂಡು ಎಲ್ಲಿದೆ ಎಂದು ಓದಿದೆವು. ಮೂರನೇ ಗುಂಪಿನ ಚೆಂಡಿನ ಓದುಗಳು ಹೀಗಿದ್ದವು: 0, 7, 24, 50, 86, 132, 187 ಸೆಂ.ಮೀ. ಒಂದರಿಂದ ಇನ್ನೊಂದಕ್ಕೆ ಅಂತರ 7, 17, 26, 36, 46, 55. ಅಂತರವೇ ಪ್ರತಿ ಸಲ ಹೆಚ್ಚುತ್ತಿದೆ: 10, 9, 10, 10, 9. ‘ಎಲ್ಲಾನೂ ಹತ್ತರ ಹತ್ರನೇ ಐತೆ ಮಿಸ್’ ಎಂದು ತರಗತಿ ಎದ್ದು ನಿಂತಿತು. ವೇಗೋತ್ಕರ್ಷ ಎಂಬ ಪದಕ್ಕೆ ನಾನು ಕೊಟ್ಟಿದ್ದ ವ್ಯಾಖ್ಯೆಗಿಂತ ಆ ಸಾಲು ಅವರಿಗೆ ಹೆಚ್ಚು ಹೇಳಿತು. ಸರಾಸರಿ 9.6 ಸೆಂ.ಮೀ. ಅದು 0.1 ಸೆಕೆಂಡಿನ ವರ್ಗಕ್ಕೆ, ಪರಿವರ್ತಿಸಿದರೆ 9.6 ಮೀ/ಸೆ².

ಆಗ ಪಿಸುಮಾತು ಶುರುವಾಯಿತು. ಹಿಂದೆ ಕೂತ ಉಪನ್ಯಾಸಕರ ಕಡೆ ಒಮ್ಮೆ ನೋಡಿ ಮುಂದಿನ ಬೆಂಚಿನ ಹುಡುಗ ಮೆಲ್ಲಗೆ ಕೇಳಿದ: ‘ಮಿಸ್, 187 ಬದ್ಲು 188 ಅಂತ ಬರದ್ರೆ ಸರಿಯಾಗಿ 9.8 ಬರ್ತೈತೆ. ಬರದ್ಬಿಡಣ್ವಾ?’ ಅವನ ಲೆಕ್ಕ ಸರಿಯಾಗಿತ್ತು. ಒಂದೇ ಒಂದು ಸೆಂ.ಮೀ. ನನಗಾಗಿಯೇ ಕೇಳುತ್ತಿದ್ದಾನೆ ಎಂಬುದೂ ಗೊತ್ತಾಯಿತು. ವೀಕ್ಷಣೆಯ ಅಂಕ ನನ್ನದು. ನಾನು ಉತ್ತರಿಸಲಿಲ್ಲ. ಕೀಲಿಯ ಬಳಿ ಇದ್ದ ಹುಡುಗಿ, ಅಲ್ಲಿಯವರೆಗೆ ಒಂದು ಮಾತೂ ಆಡದವಳು, ‘ತಡಿ, ವಾಪಸ್ ನೋಡಣ’ ಎಂದಳು. ವಿಡಿಯೊವನ್ನು ಹಿಂದಕ್ಕೆ ತಂದು ಒಂದೊಂದೇ ಫ್ರೇಮ್ ಒತ್ತಿ ಅದೇ ಜಾಗಕ್ಕೆ ಬಂದಳು. ಇಬ್ಬರು ಪರದೆಯ ಹತ್ತಿರ ಹೋಗಿ ಕಪ್ಪು ಪಟ್ಟೆಯಿಂದ ಗೆರೆಗಳನ್ನು ಬೆರಳಿನಲ್ಲಿ ಎಣಿಸಿದರು. 185ರ ಪಟ್ಟೆ, ಒಂದು ಗೆರೆ, ಎರಡು ಗೆರೆ. ಚೆಂಡಿನ ಅಂಚು ಅಲ್ಲೇ ಇತ್ತು. ‘187ಏ’ ಎಂದರು.

ಕಪ್ಪುಹಲಗೆಯ ಮೇಲೆ 9.6 ಉಳಿಯಿತು. ಏಕೆ 9.8 ಬರಲಿಲ್ಲ ಎಂಬ ಚರ್ಚೆಯಲ್ಲಿ ಮಕ್ಕಳೇ ಕಾರಣ ಹುಡುಕಿದರು. ಅರ್ಧ ಸೆಂ.ಮೀ.ವರೆಗೆ ಓದಿನಲ್ಲಿ ಹೆಚ್ಚುಕಡಿಮೆ ಆಗಬಹುದು, ಚೆಂಡು ಗೋಡೆಯಿಂದ ಸ್ವಲ್ಪ ಮುಂದಿರುತ್ತದೆ, ಮೊಬೈಲಿನ ಫ್ರೇಮುಗಳ ನಡುವಿನ ಸಮಯ ಎಲ್ಲ ಕಡೆ ಒಂದೇ ಇರಲಿಕ್ಕಿಲ್ಲ. ಮೊದಲ ದಿನ ಪ್ರಶ್ನೆ ಕೇಳಿದ್ದ ಹುಡುಗ ‘ಅಂದ್ರೆ ಅಳೆಯೋರ ಕೈಲಿ ಅಷ್ಟು ಇಷ್ಟು ಆಗ್ತೈತೆ, ಆದ್ರೆ 5ಓ 15ಓ ಬರಲ್ಲ’ ಎಂದ. ಪುಸ್ತಕದ ಸಂಖ್ಯೆಯನ್ನು ಅವನು ನಂಬಿದ್ದು ಆಗ ಎಂದುಕೊಂಡಿದ್ದೇನೆ.

ಉಪನ್ಯಾಸಕರ ಟಿಪ್ಪಣಿಯಲ್ಲಿ ಎರಡು ಮಾತಿದ್ದವು. ‘ಅವಧಿ ಮುಗಿದರೂ ಮೌಲ್ಯಮಾಪನದ ಹಂತ ಬಾಕಿ’ ಎಂಬುದು ಒಂದು. ‘ದತ್ತಾಂಶವನ್ನು ತಿದ್ದದೆ ಉಳಿಸಿದ್ದು ಉತ್ತಮ’ ಎಂಬುದು ಇನ್ನೊಂದು. ಎರಡೂ ನಿಜ. ಆರು ಗುಂಪುಗಳಲ್ಲಿ ಕಡೆಯದು ‘ಮುಂದೆ’ ಎನ್ನುವ ತನಕ ಕೀಲಿ ಒತ್ತದೆ ಕಾದರೆ 40 ನಿಮಿಷದಲ್ಲಿ ಐದು ಹಂತ ಮುಗಿಯುವುದಿಲ್ಲ. ಉಪನ್ಯಾಸಕರೊಂದಿಗೆ ಮಾತಾಡಿ ಮೌಲ್ಯಮಾಪನವನ್ನು ಮರುದಿನದ ಅವಧಿಗೆ ಇಟ್ಟುಕೊಂಡೆ. ನಾವು ಪಾಠ ಯೋಜನೆಯಲ್ಲಿ ನಿಮಿಷಗಳನ್ನು ಬರೆಯುವಾಗ ಕೊಡುವವರ ವೇಗವನ್ನೇ ಲೆಕ್ಕ ಹಾಕುತ್ತೇವೆ. ಎಡಿಟರ್ ಎಷ್ಟೇ ಚುರುಕಾಗಿದ್ದರೂ ಎನ್‌ಕೋಡರ್ ಕೇಳುವ ತನಕ ಮುಂದಿನ ಫ್ರೇಮ್ ಕೊಡುವುದಿಲ್ಲ. ಪ್ರತಿ ಪಾಠವನ್ನೂ ಹೀಗೆ ನಡೆಸಲು ವರ್ಷದ ಅವಧಿಗಳು ಸಾಲವು ಎಂಬುದು ನನಗೂ ಗೊತ್ತು. ಅಳತೆ ಮಾಡುವ ಪಾಠಗಳಲ್ಲಾದರೂ ಹೀಗೆ ಕಾಯಬೇಕು ಎಂದು ನಿಶ್ಚಯಿಸಿದ್ದೇನೆ.

ಮುಂದಿನ ಸಾಲಿನವರಿಗೆ ಉಪಯೋಗವಾಗಲೆಂದು ಕೆಲವು ಮಾತು. ಫ್ರೇಮ್‌ಸರ್ವಿಂಗ್ ಮಾಡುವಾಗ ಎಡಿಟರ್, ಎವಿಸಿಂಥ್, ಎನ್‌ಕೋಡರ್ ಮೂರೂ 32 ಬಿಟ್ ಇರುವಂತೆ ನೋಡಿಕೊಂಡರೆ ತೊಂದರೆ ಕಡಿಮೆ. ಕೆಲಸ ಮುಗಿಯುವವರೆಗೆ ಎಡಿಟರನ್ನು ಮುಟ್ಟಬಾರದು. ಎಡಿಟರೂ ಎನ್‌ಕೋಡರೂ ಒಂದೇ ಪ್ರೊಸೆಸರನ್ನು ಹಂಚಿಕೊಳ್ಳುವುದರಿಂದ ಈ ವಿಧಾನ ವೇಗವಾದದ್ದೆಂದು ನಂಬಿ ಕೂರಬೇಡಿ. ಉಳಿಯುವುದು ಜಾಗ ಮತ್ತು ಚಿತ್ರದ ಗುಣ. ಒಂದೇ ವಿಡಿಯೊವನ್ನು ನಾಲ್ಕಾರು ಬಗೆಯಲ್ಲಿ ಕುಗ್ಗಿಸಬೇಕಿದ್ದು ಡಿಸ್ಕಿನಲ್ಲಿ ಜಾಗವೂ ಇದ್ದರೆ, ಏನೂ ಕಳೆಯದ ಮಧ್ಯಂತರ ಕಡತವೇ ಮೇಲು. ಎಫ್‌ಎಫ್‌ಎಂಪೆಗ್ ಬಲ್ಲವರು ಒಂದು ತಂತ್ರಾಂಶದ ಫ್ರೇಮುಗಳನ್ನು ಪೈಪ್ ಮೂಲಕ ನೇರವಾಗಿ ಇನ್ನೊಂದಕ್ಕೆ ಹರಿಸುತ್ತಾರೆ, ಅಲ್ಲಿಯೂ ಮಧ್ಯಂತರ ಕಡತ ಬೇಕಿಲ್ಲ. ತರಗತಿಯಲ್ಲಿ ಹಿಂದೆ ಮುಂದೆ ಮಾಡಿ ನೋಡುವ ವಿಡಿಯೊ ಆದರೆ ಎನ್‌ಕೋಡರಿನಲ್ಲಿ ಕೀಫ್ರೇಮ್‌ಗಳ ಅಂತರವನ್ನು 30ಕ್ಕೆ ಇಳಿಸಿ. ಎಕ್ಸ್264ರಲ್ಲಿ ಅದು ಮಾಮೂಲಿಯಾಗಿ 250ರವರೆಗೆ ಇರುತ್ತದೆ, ಹಳೆಯ ಕಂಪ್ಯೂಟರು ಹಿಂದಕ್ಕೆ ಹೋಗಲು ತಿಣುಕುತ್ತದೆ. ನಮ್ಮ ವಿಡಿಯೊದಲ್ಲಿ 30 ಇಟ್ಟಿದ್ದರಿಂದಲೇ ಆ ಹುಡುಗಿ ಅಷ್ಟು ಬೇಗ 187ಕ್ಕೆ ವಾಪಸ್ ಬರಲು ಸಾಧ್ಯವಾಯಿತು.

ವಿಡಿಯೊದ ಒಂದು ಪ್ರತಿ ಶಾಲೆಯ ಕಂಪ್ಯೂಟರಿನಲ್ಲಿದೆ. ಗೋಡೆಯ ಅಳತೆಪಟ್ಟಿ ಮೊದಲ ಮಳೆಗೆ ಕಿತ್ತುಹೋಯಿತು. ಉಳಿದ ಐದು ಗುಂಪುಗಳ ಲೆಕ್ಕವನ್ನು ಮಕ್ಕಳು ಇನ್ನೂ ಮುಗಿಸಿಲ್ಲ. ನಾನು ಬಿಟ್ಟು ಬರುವ ದಿನ ಎರಡನೇ ಗುಂಪಿನವರು 10.1 ಬಂತೆಂದು ಮತ್ತೊಮ್ಮೆ ಎಣಿಸುತ್ತಿದ್ದರು.